ಕೆಡಹಿ ಕಟ್ಟುವ ಮೆದುಳು: ಪ್ರೊಟೀನುಗಳ ಅಳಿವು, ನರಕೋಶಗಳ ಉಳಿವು

ಜೀವಕೋಶವು ಪ್ರೊಟೀನುಗಳನ್ನು ಹೇಗೆ ತಯಾರಿಸುತ್ತದೆ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಜೀವವಿಜ್ಞಾನ ತನ್ನ ಬಹುಪಾಲು ಗಮನವನ್ನು ಮೀಸಲಿಟ್ಟಿತು. ತಯಾರಾದ ಪ್ರೊಟೀನು ಎಷ್ಟು ಹೊತ್ತು ಬಾಳುತ್ತದೆ, ಅದನ್ನು ಅಳಿಸುವುದು ಯಾವುದು, ಅಳಿಸುವ ಹೊತ್ತು ನಿಶ್ಚಯವಾಗುವುದು ಹೇಗೆ ಎಂಬ ಪ್ರಶ್ನೆಗಳು ಬಹುಕಾಲ ಬದಿಗೇ ಉಳಿದವು. ದೇಹವು ಒಮ್ಮೆ ಕಟ್ಟಿಕೊಂಡ ಪ್ರೊಟೀನುಗಳು ಹೆಚ್ಚು ಕಡಿಮೆ ಹಾಗೆಯೇ ಇರುತ್ತವೆ, ಊಟದಿಂದ ಬಂದ ಸಾರಜನಕ ಉರಿದು ಮೂತ್ರದಲ್ಲಿ ಹೊರಹೋಗುತ್ತದೆ ಎಂಬುದು 1930ರ ದಶಕದವರೆಗಿನ ನಂಬಿಕೆಯಾಗಿತ್ತು. ಜರ್ಮನಿಯಿಂದ ವಲಸೆ ಬಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ನಿಂತ ರುಡಾಲ್ಫ್ ಶೋನ್‌ಹೈಮರ್ ಆ ನಂಬಿಕೆಯನ್ನು ಕದಲಿಸಿದರು. ಸಾಮಾನ್ಯ ಸಾರಜನಕಕ್ಕಿಂತ ತುಸು ಭಾರವಾದ, ಹಾಗಾಗಿ ದೇಹದಲ್ಲಿ ಎಲ್ಲಿ ಹೋದರೂ ಗುರುತಿಸಬಹುದಾದ ಸಾರಜನಕ-15ನ್ನು ಸೇರಿಸಿದ ಅಮೈನೋ ಆಮ್ಲಗಳನ್ನು ಅವರು ಇಲಿಗಳಿಗೆ ತಿನ್ನಿಸಿ ನೋಡಿದಾಗ, ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹೊರಗೆ ಹೋಗದೆ ಇಲಿಯ ದೇಹದ ಪ್ರೊಟೀನುಗಳೊಳಗೆ ಸೇರಿಕೊಂಡಿರುವುದು ಕಂಡಿತು. ಇಲಿಯ ತೂಕ ಮಾತ್ರ ಹೆಚ್ಚಿರಲಿಲ್ಲ. ಹೊಸ ಪ್ರೊಟೀನು ಸೇರಿದಷ್ಟೇ ಹಳೆಯದು ಕರಗಿಹೋಗಿತ್ತು ಎಂಬುದೊಂದೇ ಇದಕ್ಕೆ ಹೊಂದುವ ವಿವರಣೆಯಾಗಿತ್ತು.

ಮಂಗಳೂರಿನ ಅಳಿವೆಯ ಬಳಿ, ಒಂದು ಮಗ್ಗುಲಿಗೆ ಫಲ್ಗುಣಿ ನದಿಯನ್ನೂ ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರವನ್ನೂ ಇಟ್ಟುಕೊಂಡು ಚಾಚಿರುವ ಬೆಂಗ್ರೆಯ ಮರಳುನೆಲವನ್ನು ಬಲ್ಲವರಿಗೆ ಈ ಬಗೆಯ ಸ್ಥಿರತೆ ಅಪರಿಚಿತವಲ್ಲ. ನೀರು ತಂದು ಹಾಕುವ ಮರಳು ಮತ್ತು ಅಲೆ ಎಳೆದೊಯ್ಯುವ ಮರಳು ಸರಿದೂಗುವವರೆಗೆ ಆ ನೆಲ ನೆಲವಾಗಿರುತ್ತದೆ, ಲೆಕ್ಕ ತಪ್ಪಿದಲ್ಲಿ ಒಂದೆಡೆ ಕಡಲ್ಕೊರೆತ, ಇನ್ನೊಂದೆಡೆ ಹೂಳು. ಜೀವಕೋಶದೊಳಗಿನ ಪ್ರೊಟೀನುಗಳ ಪ್ರಮಾಣವೂ ಹೀಗೆ ಬರುವುದು ಮತ್ತು ಹೋಗುವುದರ ನಡುವಿನ ಸಮತೋಲವೇ ಆಗಿದ್ದು, ಆ ಸಮತೋಲವನ್ನು ಕಾಯುವ ಏರ್ಪಾಡನ್ನು ಒಟ್ಟಾಗಿ ಪ್ರೊಟೀನು ನಿಯಂತ್ರಣ ಎಂದು ಕರೆಯಲಾಗುತ್ತದೆ. ಎಲ್ಲ ಪ್ರೊಟೀನುಗಳಿಗೂ ಒಂದೇ ಆಯುಷ್ಯವಿಲ್ಲ. ಕೋಶವಿಭಜನೆಗೆ ಕಡಿವಾಣ ಹಾಕುವ ಪಿ53 ಎಂಬ ಪ್ರೊಟೀನು ಸಾಮಾನ್ಯ ಸ್ಥಿತಿಯಲ್ಲಿ ಕೆಲವೇ ನಿಮಿಷಗಳಲ್ಲಿ ಅಳಿದುಹೋದರೆ, ಕಣ್ಣಿನ ಮಸೂರದ ನಡುಭಾಗದ ಕ್ರಿಸ್ಟಲಿನ್ ಹುಟ್ಟಿನಿಂದ ಸಾವಿನವರೆಗೂ ಬದಲಾಗದೆ ಉಳಿಯುತ್ತದೆ. ಇಲಿಗಳ ಮೆದುಳಿನಲ್ಲಿ ಕೋಶಕೇಂದ್ರದ ದ್ವಾರಗಳನ್ನು ರೂಪಿಸುವ ಕೆಲವು ಪ್ರೊಟೀನುಗಳು ಒಂದು ವರ್ಷ ಕಳೆದರೂ ಹಾಗೆಯೇ ಇರುತ್ತವೆ ಎಂಬುದು 2012ರಲ್ಲಿ ತಿಳಿದುಬಂತು. ಕೆಲಸ ಮುಗಿದೊಡನೆ ಮರೆಯಾಗಬೇಕಾದ ಪ್ರೊಟೀನು ಉಳಿದುಕೊಂಡರೂ, ಉಳಿಯಬೇಕಾದದ್ದು ಬೇಗ ಅಳಿದರೂ ಮೊದಲು ಪೆಟ್ಟು ತಿನ್ನುವ ಅಂಗಗಳಲ್ಲಿ ಮೆದುಳು ಒಂದು. ಅದಕ್ಕೆ ಕಾರಣಗಳನ್ನು ತಿಳಿಯಬೇಕಾದರೆ ಅಳಿಸುವ ಯಂತ್ರವನ್ನು ಮೊದಲು ನೋಡಬೇಕು.

1953ರಲ್ಲಿ ಮೆಲ್ವಿನ್ ಸಿಂಪ್ಸನ್ ಯಕೃತ್ತಿನ ತೆಳು ಹೋಳುಗಳನ್ನು ಪರೀಕ್ಷಿಸುತ್ತ ಒಂದು ವಿಚಿತ್ರವನ್ನು ಗಮನಿಸಿದರು: ಪ್ರೊಟೀನು ಒಡೆಯಲು ಕೋಶವು ಶಕ್ತಿಯನ್ನು ವ್ಯಯಿಸುತ್ತಿತ್ತು. ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಬೇಡದ ಖರ್ಚು, ಏಕೆಂದರೆ ಹೊಟ್ಟೆಯಲ್ಲಿ ಅನ್ನದ ಜೊತೆ ಬಂದ ಪ್ರೊಟೀನು ಯಾವ ಇಂಧನವನ್ನೂ ಬೇಡದೆ ಜೀರ್ಣವಾಗುತ್ತದೆ. ಶಕ್ತಿ ಖರ್ಚಾಗುತ್ತಿದೆಯೆಂದರೆ ಅಲ್ಲಿ ಆಯ್ಕೆ ನಡೆಯುತ್ತಿದೆ, ಯಾವುದನ್ನು ಒಡೆಯಬೇಕು ಎಂದು ಕೋಶ ನಿರ್ಧರಿಸುತ್ತಿದೆ ಎಂದರ್ಥ. ಈ ಒಗಟನ್ನು ಬಿಡಿಸಿದವರು ಇಸ್ರೇಲಿನ ಹೈಫಾದಲ್ಲಿದ್ದ ಅವ್ರಾಮ್ ಹರ್ಷ್ಕೊ ಮತ್ತು ಅವರ ವಿದ್ಯಾರ್ಥಿ ಆರನ್ ಚಿಖನೋವರ್, ಜೊತೆಗೆ ಅಮೆರಿಕದ ಫಿಲಡೆಲ್ಫಿಯಾದ ಅರ್ವಿನ್ ರೋಸ್; 2004ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಮೂವರಿಗೂ ಸೇರಿ ಬಂತು. ಮೊಲದ ಎಳೆಯ ಕೆಂಪು ರಕ್ತಕಣಗಳ ಸಾರದಲ್ಲಿ ಅವರು ಕಂಡದ್ದು, ಅಳಿಯಬೇಕಾದ ಪ್ರೊಟೀನಿಗೆ ಇನ್ನೊಂದು ಪುಟ್ಟ ಪ್ರೊಟೀನು ಬಂದು ಗಟ್ಟಿಯಾಗಿ ಅಂಟಿಕೊಳ್ಳುತ್ತಿತ್ತು ಎಂಬುದನ್ನು. ಕೇವಲ 76 ಅಮೈನೋ ಆಮ್ಲಗಳ ಈ ಪುಟ್ಟ ಪ್ರೊಟೀನಿನ ಹೆಸರು ಯುಬಿಕ್ವಿಟಿನ್.

ಅಂಟಿಸುವ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಇ1 ಎಂಬ ಕಿಣ್ವವು ಶಕ್ತಿಯನ್ನು ಬಳಸಿ ಯುಬಿಕ್ವಿಟಿನ್ನನ್ನು ಸಜ್ಜುಗೊಳಿಸುತ್ತದೆ, ಇ2 ಅದನ್ನು ಹೊತ್ತುಕೊಳ್ಳುತ್ತದೆ, ಇ3 ಎಂಬ ಲೈಗೇಸ್, ಅಂದರೆ ಬೆಸೆಯುವ ಕಿಣ್ವ, ಗುರಿಯಾದ ಪ್ರೊಟೀನನ್ನು ಗುರುತಿಸಿ ಅದರ ಮೇಲೆ ಯುಬಿಕ್ವಿಟಿನ್ನನ್ನು ಕೂರಿಸುತ್ತದೆ. ಮನುಷ್ಯನ ಕೋಶಗಳಲ್ಲಿ ಇ1 ಕಿಣ್ವಗಳು ಎರಡೇ ಆದರೂ ಇ3 ಕಿಣ್ವಗಳು ಆರು ನೂರಕ್ಕೂ ಮೇಲ್ಪಟ್ಟಿವೆ, ಏಕೆಂದರೆ ಯಾವ ಪ್ರೊಟೀನು ಯಾವಾಗ ಹೋಗಬೇಕು ಎಂಬ ತೀರ್ಮಾನ ಇವುಗಳ ಮಟ್ಟದಲ್ಲೇ ಆಗುತ್ತದೆ. ಮುಂದೆ ಹೇಳಲಿರುವ ಕಾಯಿಲೆಗಳಲ್ಲಿ ಮೂರಕ್ಕೆ ಒಂದೊಂದು ಇ3 ಕಿಣ್ವ ಕೆಡುವುದು ಕಾರಣವಾಗಬಲ್ಲದು ಎಂಬುದನ್ನು ಓದುಗರು ನೆನಪಿಡಬೇಕು. ಯುಬಿಕ್ವಿಟಿನ್ನುಗಳ ಸರಪಳಿ ಹೊತ್ತ ಪ್ರೊಟೀನು ಪ್ರೊಟಿಯಾಸೋಮ್ ಎಂಬ ಕೊಳವೆಯಾಕಾರದ ರಚನೆಯೊಳಗೆ ಎಳೆಯಲ್ಪಟ್ಟು, ಬಿಚ್ಚಿಕೊಂಡು, ಚೂರುಚೂರಾಗುತ್ತದೆ. ಯುಬಿಕ್ವಿಟಿನ್ ಮಾತ್ರ ಮರುಬಳಕೆಗಾಗಿ ಹೊರಗುಳಿಯುತ್ತದೆ. ಪ್ರೊಟಿಯಾಸೋಮಿನ ಕೊಳವೆಗೆ ತೂರದಷ್ಟು ದೊಡ್ಡ ಗಂಟುಗಳನ್ನೂ ಹಳತಾದ ಕೋಶಾಂಗಗಳನ್ನೂ ಕೋಶವು ಒಂದು ಪೊರೆಯಲ್ಲಿ ಸುತ್ತಿ ಲೈಸೊಸೋಮ್ ಎಂಬ ಜೀರ್ಣಿಸುವ ಕೋಶಾಂಗಕ್ಕೆ ಒಪ್ಪಿಸುತ್ತದೆ. ಈ ಎರಡನೆಯ ದಾರಿಗೆ ಸ್ವಭಕ್ಷಣೆ ಎಂದು ಹೆಸರು. ಯೀಸ್ಟಿನಲ್ಲಿ ಅದರ ವಂಶವಾಹಿಗಳನ್ನು ಕಂಡುಹಿಡಿದ ಜಪಾನಿನ ಯೊಶಿನೊರಿ ಒಸುಮಿ 2016ರಲ್ಲಿ ನೊಬೆಲ್ ಪಡೆದರು.

ಈ ಯಂತ್ರಗಳು ಎಲ್ಲ ಕೋಶಗಳಲ್ಲೂ ಇರುವಾಗ ಅವು ಕೆಟ್ಟರೆ ನರಕೋಶವೇ ಏಕೆ ಹೆಚ್ಚು ಬಳಲಬೇಕು? ಚರ್ಮದ ಅಥವಾ ಕರುಳಿನ ಕೋಶ ವಿಭಜಿಸುತ್ತಲೇ ಇರುವುದರಿಂದ ಅದರೊಳಗೆ ಸೇರಿದ ಕಸ ಪ್ರತಿ ವಿಭಜನೆಯಲ್ಲೂ ಇಬ್ಬಾಗವಾಗಿ ತೆಳುವಾಗುತ್ತದೆ. ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಬಹುತೇಕ ಎಲ್ಲವೂ ಹುಟ್ಟಿದ ಮೇಲೆ ಮತ್ತೆ ವಿಭಜಿಸುವುದಿಲ್ಲ. ಎಪ್ಪತ್ತು ಎಂಬತ್ತು ವರ್ಷ ಒಂದೇ ಕೋಶ ತನ್ನ ಒಳಗನ್ನು ತಾನೇ ಶುಚಿಯಾಗಿಟ್ಟುಕೊಳ್ಳಬೇಕು. ಅದರ ಆಕಾರವೂ ಕಷ್ಟವನ್ನು ಹೆಚ್ಚಿಸುತ್ತದೆ: ಬೆನ್ನುಹುರಿಯಿಂದ ಕಾಲ್ಬೆರಳಿಗೆ ಹೋಗುವ ನರತಂತು ಒಂದು ಮೀಟರಿನಷ್ಟು ಉದ್ದವಿರಬಹುದಾದ್ದರಿಂದ, ತುದಿಯಲ್ಲಿ ಕೆಟ್ಟ ಪ್ರೊಟೀನನ್ನು ಅಲ್ಲಿಯೇ ಒಡೆಯಬೇಕು ಇಲ್ಲವೇ ಅಷ್ಟು ದೂರ ಹಿಂದಕ್ಕೆ ಸಾಗಿಸಬೇಕು. 2006ರಲ್ಲಿ ಜಪಾನಿನ ಎರಡು ತಂಡಗಳು ಇಲಿಗಳ ನರಕೋಶಗಳಲ್ಲಿ ಮಾತ್ರ ಸ್ವಭಕ್ಷಣೆಯ ಒಂದೊಂದು ವಂಶವಾಹಿಯನ್ನು ತೆಗೆದುಹಾಕಿದವು. ಹೊರಗಿನಿಂದ ಯಾವ ವಿಷವನ್ನೂ ಕೊಡದಿದ್ದರೂ ಆ ಇಲಿಗಳ ನರಕೋಶಗಳಲ್ಲಿ ಯುಬಿಕ್ವಿಟಿನ್ ಹೊತ್ತ ಪ್ರೊಟೀನುಗಳು ಗಂಟುಕಟ್ಟಿ, ನಡಿಗೆ ತಪ್ಪಿ, ನರಕೋಶಗಳು ಸತ್ತವು. ಮನುಷ್ಯರಲ್ಲಿಯೂ ಇದಕ್ಕೊಂದು ಸಾಕ್ಷ್ಯವಿದೆ. ಮೂಳೆಮಜ್ಜೆಯ ಒಂದು ಬಗೆಯ ಕ್ಯಾನ್ಸರಿಗೆ 2003ರಿಂದ ಬಳಕೆಯಲ್ಲಿರುವ ಬೋರ್ಟೆಜೊಮಿಬ್ ಎಂಬ ಔಷಧ ಪ್ರೊಟಿಯಾಸೋಮನ್ನೇ ತಡೆಯುತ್ತದೆ, ಅದರಿಂದ ಕ್ಯಾನ್ಸರ್ ಕೋಶ ಸಾಯುತ್ತದೆ. ಆದರೆ ಅದನ್ನು ಪಡೆಯುವ ಅನೇಕ ರೋಗಿಗಳಿಗೆ ಕೈಕಾಲುಗಳಲ್ಲಿ ಜೋಮು ಮತ್ತು ಉರಿ ಕಾಣಿಸಿಕೊಳ್ಳುವುದು ನರಗಳು ಆ ಯಂತ್ರವನ್ನು ಎಷ್ಟು ನೆಚ್ಚಿಕೊಂಡಿವೆ ಎಂಬುದನ್ನು ತೋರಿಸುತ್ತದೆ.

ಬೆಳೆಯುವ ಮೆದುಳಿನ ಕಥೆ ಇದಕ್ಕಿಂತ ಗಹನವಾದದ್ದು, ಏಕೆಂದರೆ ಅಲ್ಲಿ ಸಾವು ಕೂಡ ಯೋಜನೆಯ ಭಾಗ. ಭ್ರೂಣದಲ್ಲಿ ನರಮಂಡಲವು ಬೇಕಾದುದಕ್ಕಿಂತ ಹೆಚ್ಚು ನರಕೋಶಗಳನ್ನು ಹುಟ್ಟಿಸಿ, ನರಮಂಡಲದ ಅನೇಕ ಭಾಗಗಳಲ್ಲಿ ಸುಮಾರು ಅರ್ಧದಷ್ಟನ್ನು ಮತ್ತೆ ಅಳಿಸುತ್ತದೆ. ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಕೋಳಿಮೊಟ್ಟೆಯ ಭ್ರೂಣಗಳಲ್ಲಿ ಈ ಸಾವನ್ನು ಗಮನಿಸಿ, ನರಕೋಶಗಳು ಬದುಕಬೇಕಾದರೆ ಅವು ತಲುಪುವ ಅಂಗಾಂಶದಿಂದ ಒಂದು ಪೋಷಕ ಪ್ರೊಟೀನು ಬರಬೇಕು ಎಂದು ತೋರಿಸಿದರು. ನರವರ್ಧಕ ಎಂದು ಹೆಸರಾದ ಆ ಪ್ರೊಟೀನಿನ ಶೋಧಕ್ಕಾಗಿ ಅವರಿಗೂ ಸ್ಟ್ಯಾನ್ಲಿ ಕೋಹೆನ್ ಅವರಿಗೂ 1986ರ ನೊಬೆಲ್ ದೊರಕಿತು. ಸರಿಯಾದ ಗುರಿಯನ್ನು ಮುಟ್ಟಿದ ನರಕೋಶಕ್ಕೆ ಪೋಷಕ ಪ್ರೊಟೀನು ದಕ್ಕುತ್ತದೆ, ಮುಟ್ಟದ್ದಕ್ಕೆ ದಕ್ಕುವುದಿಲ್ಲ. ದಕ್ಕದ ಕೋಶದೊಳಗೆ ಸಾವನ್ನು ತಡೆಯುತ್ತಿದ್ದ ಪ್ರೊಟೀನುಗಳ ಬಲ ಕುಗ್ಗಿ, ಕ್ಯಾಸ್ಪೇಸ್ ಎಂಬ ಕತ್ತರಿಸುವ ಕಿಣ್ವಗಳು ಎಚ್ಚರಗೊಂಡು, ಕೋಶವು ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಹುಟ್ಟುವ 1,090 ದೇಹಕೋಶಗಳಲ್ಲಿ 131 ಕೋಶಗಳು ಪ್ರತಿ ಹುಳುವಿನಲ್ಲೂ ತಪ್ಪದೆ ಸಾಯುತ್ತವೆ, ಅವುಗಳಲ್ಲಿ ಬಹುಪಾಲು ನರಕೋಶಗಳೇ. ಈ ಸಾವು ತಪ್ಪಿದರೆ ಏನಾಗುತ್ತದೆ ಎಂಬುದನ್ನು 1998ರ ಪ್ರಯೋಗಗಳು ಕಣ್ಣಿಗೆ ಕಟ್ಟುವಂತೆ ತೋರಿಸಿದವು: ಕ್ಯಾಸ್ಪೇಸ್-9 ಇಲ್ಲದ ಇಲಿಮರಿಗಳ ಮೆದುಳು ನರಕೋಶಗಳಿಂದ ತುಂಬಿ ಉಬ್ಬಿ ತಲೆಬುರುಡೆಯಿಂದ ಹೊರಚಾಚಿತು, ಮರಿಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ಹೆಚ್ಚು ನರಕೋಶಗಳಿದ್ದರೆ ಹೆಚ್ಚು ಒಳ್ಳೆಯ ಮೆದುಳು ಎಂಬ ಊಹೆಗೆ ಅಲ್ಲಿಗೆ ತೆರೆ ಬಿತ್ತು. ಕ್ಯಾಸ್ಪೇಸುಗಳನ್ನು ಹಿಡಿದು ನಿಲ್ಲಿಸುವ ಎಕ್ಸ್‌ಐಎಪಿ ಎಂಬ ಪ್ರೊಟೀನು ಸ್ವತಃ ಒಂದು ಇ3 ಕಿಣ್ವ ಎಂಬುದು ಇಲ್ಲಿ ಗಮನಾರ್ಹ. ಬದುಕಿನ ಮತ್ತು ಸಾವಿನ ಪಕ್ಷಗಳೆರಡೂ ಒಂದೇ ಅಳಿಸುವ ಯಂತ್ರವನ್ನು ಬಳಸುತ್ತವೆ.

ಬದುಕುಳಿದ ನರಕೋಶಗಳು ಪರಸ್ಪರ ಸೇರುವ ಕೂಡುಜಾಗಕ್ಕೆ ನರಸಂಧಿ ಎಂದು ಹೆಸರು. ಮಗು ಕಲಿಯುವುದೆಂದರೆ ಈ ಸಂಧಿಗಳಲ್ಲಿ ಕೆಲವು ಬಲಗೊಳ್ಳುವುದು, ಕೆಲವು ಕಳಚುವುದು. ಅದಕ್ಕೆ ಸಂಧಿಯಲ್ಲಿಯೇ ಪ್ರೊಟೀನುಗಳು ತಯಾರಾಗಬೇಕು, ಅಲ್ಲಿಯೇ ಒಡೆಯಲೂ ಬೇಕು. ಒಡೆಯುವ ಕೆಲಸ ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯಾಗಿ, ಇಂಗ್ಲೆಂಡಿನ ಮಕ್ಕಳ ವೈದ್ಯ ಹ್ಯಾರಿ ಏಂಜಲ್‌ಮನ್ 1965ರಲ್ಲಿ ವರ್ಣಿಸಿದ ಕಾಯಿಲೆಯಲ್ಲಿ ಮಗುವಿಗೆ ಮಾತು ಬಹುಪಾಲು ಬರುವುದಿಲ್ಲ, ನಡಿಗೆ ತಡವರಿಸುತ್ತದೆ, ಫಿಟ್ಸ್ ಬರುತ್ತದೆ, ಮುಖದಲ್ಲಿ ಮಾತ್ರ ನಗು ಮಾಸುವುದಿಲ್ಲ. ಇದರ ಮೂಲ 15ನೆಯ ವರ್ಣತಂತುವಿನ ಮೇಲಿರುವ ಯುಬಿಇ3ಎ ಎಂಬ ಇ3 ಕಿಣ್ವದ ವಂಶವಾಹಿಯಲ್ಲಿದೆ ಎಂಬುದು 1997ರಲ್ಲಿ ತಿಳಿಯಿತು. ಮೆದುಳಿನ ನರಕೋಶಗಳಲ್ಲಿ ತಂದೆಯಿಂದ ಬಂದ ಯುಬಿಇ3ಎ ಪ್ರತಿ ಮೌನವಾಗಿರುತ್ತದೆ, ತಾಯಿಯಿಂದ ಬಂದದ್ದು ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ತಾಯಿಯ ಪ್ರತಿ ಕೆಟ್ಟಿದ್ದರೆ ತಂದೆಯ ಒಳ್ಳೆಯ ಪ್ರತಿ ಇದ್ದೂ ಇಲ್ಲದಂತೆ. ಇಲ್ಲಿ ನರಕೋಶಗಳು ಸಾಯುವುದಿಲ್ಲ ಎಂಬುದೇ ವೈದ್ಯರಿಗೆ ಭರವಸೆ ಕೊಟ್ಟಿರುವ ಸಂಗತಿ: ತಂದೆಯ ಪ್ರತಿಯ ಮೌನವನ್ನು ಮುರಿಯುವ ಔಷಧಗಳ ಹುಡುಕಾಟ ಇಲಿಗಳಲ್ಲಿ ಫಲ ಕೊಟ್ಟು ಈಗ ಮನುಷ್ಯರ ಮೇಲಿನ ಪ್ರಯೋಗಗಳವರೆಗೆ ಬಂದಿದೆ. ಪ್ರೊಟೀನಿನ ತಯಾರಿಕೆಯ ತುದಿಯಲ್ಲಿ ಆಗುವ ಎಡವಟ್ಟಿಗೆ ಫ್ರಜೈಲ್ ಎಕ್ಸ್ ಎಂಬ ಕಾಯಿಲೆ ಉದಾಹರಣೆ. ಸಂಧಿಯಲ್ಲಿ ಪ್ರೊಟೀನು ತಯಾರಿಕೆಗೆ ಲಗಾಮು ಹಾಕುವ ಎಫ್‌ಎಮ್‌ಆರ್‌ಪಿ ಎಂಬ ಪ್ರೊಟೀನು ಇಲ್ಲವಾದಾಗ ಈ ಬುದ್ಧಿಮಾಂದ್ಯತೆ ಬರುತ್ತದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದ ಸುಮಂತ್ರ ಚಟರ್ಜಿ, ಇನ್‌ಸ್ಟೆಮ್ ಸಂಸ್ಥೆಯಲ್ಲಿ ಕೆಲಸ ಮಾಡಿದ ರವಿ ಮುದ್ದಶೆಟ್ಟಿ ಮುಂತಾದವರು ಈ ಲಗಾಮಿನ ಬಗ್ಗೆ ವರ್ಷಗಳ ಕಾಲ ದುಡಿದಿದ್ದಾರೆ.

ಆದರೆ ಅಳಿಸುವ ಯಂತ್ರದ ಬಗ್ಗೆ ಕರ್ನಾಟಕದ ಆಸ್ಪತ್ರೆಯೊಂದರ ವಾರ್ಡುಗಳಿಂದಲೇ ಪಾಠ ಕಲಿಯಬೇಕಾದರೆ ಲಫೋರಾ ಕಾಯಿಲೆಯನ್ನು ನೋಡಬೇಕು. ವಾಷಿಂಗ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ಸ್ಪೇನಿನ ನರರೋಗತಜ್ಞ ಗೊಂಜಾಲೊ ರೊಡ್ರಿಗೆಸ್ ಲಫೋರಾ 1911ರಲ್ಲಿ, ಫಿಟ್ಸ್ ಮತ್ತು ಬುದ್ಧಿಕ್ಷಯದಿಂದ ತೀರಿಕೊಂಡ ಎಳೆವಯಸ್ಸಿನ ರೋಗಿಯ ನರಕೋಶಗಳೊಳಗೆ ದುಂಡನೆಯ ಉಂಡೆಗಳನ್ನು ಕಂಡರು. ಕಾಯಿಲೆಯ ನಡೆ ಕ್ರೂರವಾದದ್ದು. ಹದಿಹರೆಯದವರೆಗೆ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗನಿಗೋ ಹುಡುಗಿಗೋ ಒಂದು ದಿನ ಫಿಟ್ಸ್ ಬರುತ್ತದೆ. ಕೈಯಲ್ಲಿದ್ದ ಲೋಟ ಎಸೆದಂತೆ ಬೀಳುವಷ್ಟು ಹಠಾತ್ತಾದ ಸೆಳೆತಗಳು ಶುರುವಾಗುತ್ತವೆ. ಕೆಲವರಿಗೆ ಕಣ್ಣ ಮುಂದೆ ಇಲ್ಲದ ಬೆಳಕುಗಳು ಕಾಣಿಸುತ್ತವೆ. ನೆನಪು, ಮಾತು, ನಡಿಗೆ ಒಂದೊಂದಾಗಿ ಕುಂದಿ, ಸಾಮಾನ್ಯವಾಗಿ ಹತ್ತು ವರ್ಷಗಳ ಆಸುಪಾಸಿನಲ್ಲಿ ಸಾವು ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಇಂತಹ ಮಕ್ಕಳು ಬರುತ್ತಲೇ ಇದ್ದರು, ಒಂದೇ ಮನೆಯಿಂದ ಅಣ್ಣ ತಂಗಿಯರಿಬ್ಬರೂ ಬಂದದ್ದುಂಟು. 1993ರಲ್ಲಿ ಅಲ್ಲಿಯ ಜೆ. ಎನ್. ಆಚಾರ್ಯ, ಪಿ. ಸತೀಶ್ಚಂದ್ರ, ಎಸ್. ಕೆ. ಶಂಕರ್ ಮತ್ತಿತರರು ದಕ್ಷಿಣ ಭಾರತದ ಲಫೋರಾ ರೋಗಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನ, ಈ ಕಾಯಿಲೆ ಮೆಡಿಟರೇನಿಯನ್ ದೇಶಗಳಿಗೆ ಸೀಮಿತವೆಂಬ ತಿಳಿವಳಿಕೆಯನ್ನು ತಿದ್ದುವಂಥದ್ದು. ಮೆದುಳನ್ನು ಮುಟ್ಟದೆಯೇ ರೋಗವನ್ನು ಗುರುತಿಸುವ ದಾರಿಯೂ ಇತ್ತು: ಲಫೋರಾ ಉಂಡೆಗಳು ಬೆವರುಗ್ರಂಥಿಯ ನಾಳದ ಕೋಶಗಳಲ್ಲೂ ಸೇರುವುದರಿಂದ ಕಂಕುಳಿನ ಚರ್ಮದ ಸಣ್ಣ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕಾಗುತ್ತಿತ್ತು.

ಆ ಉಂಡೆಗಳು ಪ್ರೊಟೀನಿನವಲ್ಲ, ಸಕ್ಕರೆಯವು ಎಂಬುದು ಸೋಜಿಗ. ದೇಹವು ಸಕ್ಕರೆಯನ್ನು ಗ್ಲೈಕೋಜನ್ ಎಂಬ ಕವಲೊಡೆದ ಸರಪಳಿಯ ರೂಪದಲ್ಲಿ ಕೂಡಿಡುತ್ತದೆ. ಸರಿಯಾಗಿ ಕವಲೊಡೆದ ಗ್ಲೈಕೋಜನ್ ನೀರಿನಲ್ಲಿ ಕರಗುತ್ತದೆ. ಕವಲು ಕಡಿಮೆಯಾಗಿ ಸರಪಳಿ ಉದ್ದವಾದರೆ ಕರಗದೆ ಉಂಡೆಗಟ್ಟುತ್ತದೆ, ಒಮ್ಮೆ ಉಂಡೆಗಟ್ಟಿದ್ದನ್ನು ಕೋಶ ಮತ್ತೆ ಕರಗಿಸಲಾರದು. ಲಫೋರಾ ಕಾಯಿಲೆಗೆ ಕಾರಣವಾದ ಮೊದಲ ವಂಶವಾಹಿ 1998ರಲ್ಲಿ ಸಿಕ್ಕಿತು, ಅದು ತಯಾರಿಸುವ ಪ್ರೊಟೀನಿಗೆ ಲಫೋರಿನ್ ಎಂದು ಹೆಸರಿಡಲಾಯಿತು. ಎರಡನೆಯದು 2003ರಲ್ಲಿ ಸಿಕ್ಕಿದಾಗ ವಿಷಯಕ್ಕೆ ಹೊಸ ತಿರುವು ಬಂತು, ಏಕೆಂದರೆ ಅದು ತಯಾರಿಸುವ ಮಾಲಿನ್ ಎಂಬ ಪ್ರೊಟೀನು ಸಕ್ಕರೆಗೆ ನೇರ ಸಂಬಂಧವಿಲ್ಲದ ಒಂದು ಇ3 ಕಿಣ್ವವಾಗಿತ್ತು. ಸಕ್ಕರೆ ಸೇರುವ ಕಾಯಿಲೆಗೂ ಪ್ರೊಟೀನು ಅಳಿಸುವ ಕಿಣ್ವಕ್ಕೂ ಏನು ನಂಟು? 2007ರಲ್ಲಿ ಸ್ಪೇನಿನ ಜೊವಾನ್ ಗಿನೊವಾರ್ಟ್ ಅವರ ತಂಡ ಒಂದು ಉತ್ತರವನ್ನು ಮುಂದಿಟ್ಟಿತು. ನರಕೋಶದಲ್ಲಿ ಗ್ಲೈಕೋಜನ್ ಕಟ್ಟುವ ಕಿಣ್ವ ಇದ್ದೇ ಇರುತ್ತದೆ, ಆದರೆ ಅದನ್ನು ನಿಷ್ಕ್ರಿಯವಾಗಿಡಲಾಗಿರುತ್ತದೆ. ಲಫೋರಿನ್ ಮತ್ತು ಮಾಲಿನ್ ಜೊತೆಯಾಗಿ ಆ ಕಿಣ್ವವನ್ನೂ ಅದನ್ನು ಎಚ್ಚರಿಸುವ ಇನ್ನೊಂದು ಪ್ರೊಟೀನನ್ನೂ ಪ್ರೊಟಿಯಾಸೋಮಿಗೆ ಕಳುಹಿಸುತ್ತವೆ. ತಂಡದವರು ಪ್ರಯೋಗಾಲಯದ ನರಕೋಶಗಳಲ್ಲಿ ಆ ಕಿಣ್ವವನ್ನು ಬಲವಂತವಾಗಿ ಚಾಲೂ ಮಾಡಿದಾಗ ಕೆಟ್ಟ ಗ್ಲೈಕೋಜನ್ ಸೇರಿ ನರಕೋಶಗಳು ಸತ್ತವು. ಸ್ನಾಯುವಿಗೆ ಆಸ್ತಿಯಾಗಿರುವ ಸಂಗ್ರಹ ನರಕೋಶಕ್ಕೆ ಮೃತ್ಯುವಾಗುತ್ತದೆ; ನರಕೋಶವನ್ನು ಅದರಿಂದ ಕಾಯುತ್ತಿದ್ದದ್ದು ಒಂದು ಅಳಿಸುವ ಕಿಣ್ವ.

ಮುಂದೆ ಇಲಿಗಳಲ್ಲಿ ನಡೆದ ಎಲ್ಲ ಪ್ರಯೋಗಗಳೂ ಈ ಸರಪಳಿಯ ಪ್ರತಿ ಕೊಂಡಿಯನ್ನೂ ಒಂದೇ ರೀತಿ ಸಮರ್ಥಿಸಲಿಲ್ಲ. ಮಾಲಿನ್ ಇಲ್ಲದ ಇಲಿಗಳಲ್ಲಿ ಲಫೋರಿನ್ ಕರಗದೆ ಗಂಟುಕಟ್ಟಿದ್ದನ್ನು ಕಂಡ ಅಮೆರಿಕದ ತಂಡವೊಂದು ಬೇರೆ ವಿವರಣೆಯ ಕಡೆಗೆ ಒಲಿಯಿತು, ಲಫೋರಿನ್ ಗ್ಲೈಕೋಜನ್ನಿನಿಂದ ಫಾಸ್ಫೇಟನ್ನು ತೆಗೆಯುವ ಕಿಣ್ವ ಎಂಬುದೂ ಲೆಕ್ಕಕ್ಕೆ ಬಂತು. ಒಂದು ವಿಷಯದಲ್ಲಿ ಮಾತ್ರ ಎಲ್ಲರ ಫಲಿತಾಂಶಗಳೂ ಒಂದೇ ಕಡೆ ಬೆರಳು ಮಾಡಿದವು: ಲಫೋರಿನ್ ಅಥವಾ ಮಾಲಿನ್ ಇಲ್ಲದ ಇಲಿಗಳಲ್ಲಿ ಗ್ಲೈಕೋಜನ್ ತಯಾರಿಕೆಯನ್ನು ಕಡಿಮೆ ಮಾಡಿದಾಗ ಉಂಡೆಗಳು ಬಹುತೇಕ ಇಲ್ಲವಾಗಿ, ನರಕೋಶಗಳು ಉಳಿದು, ಸೆಳೆತಗಳು ತಗ್ಗಿದವು. ಈ ಕಾಯಿಲೆಯ ಚಿಕಿತ್ಸೆಗಾಗಿ ಇಂದು ನಡೆಯುತ್ತಿರುವ ಹುಡುಕಾಟದ ಬುನಾದಿ ಇದೇ. ಭಾರತದಲ್ಲಿ ಈ ಪ್ರಶ್ನೆಗೆ ತಮ್ಮ ಜೀವಮಾನವನ್ನು ಕೊಟ್ಟವರು ಐಐಟಿ ಕಾನ್ಪುರದ ಸುಬ್ರಮಣಿಯಮ್ ಗಣೇಶ್. ಲಫೋರಿನ್ ಮತ್ತು ಮಾಲಿನ್ ತಪ್ಪಾಗಿ ಮಡಿಚಿಕೊಂಡ ಪ್ರೊಟೀನುಗಳನ್ನು ತೊಲಗಿಸುವುದರಲ್ಲಿಯೂ ಪಾಲ್ಗೊಳ್ಳುತ್ತವೆ ಎಂದು ಅವರ ತಂಡ ತೋರಿಸಿತು. ನಿಮ್ಹಾನ್ಸಿನ ಸತೀಶ್ಚಂದ್ರ ಮತ್ತು ಶಂಕರ್ ಅವರೊಂದಿಗೆ ಸೇರಿ 2008ರಲ್ಲಿ ಭಾರತೀಯ ರೋಗಿಗಳ ಎರಡೂ ವಂಶವಾಹಿಗಳಲ್ಲಿನ ದೋಷಗಳನ್ನು ಪಟ್ಟಿಮಾಡಿ, ಆ ದೋಷಗಳಿಂದ ಪ್ರೊಟೀನುಗಳು ಕೋಶದೊಳಗೆ ತಾವು ಇರಬೇಕಾದ ಜಾಗ ತಪ್ಪುವುದನ್ನು ದಾಖಲಿಸಿತು. ಬೆಂಗಳೂರಿನ ವಾರ್ಡಿನಲ್ಲಿ ಮಲಗಿದ್ದ ಮಕ್ಕಳಿಂದ ಹೊರಟ ಪ್ರಶ್ನೆ ಕಾನ್ಪುರದ ಪ್ರಯೋಗಾಲಯದಲ್ಲಿ ಉತ್ತರ ಹುಡುಕಿಕೊಂಡ ಈ ಸಹಕಾರ ಭಾರತೀಯ ವೈದ್ಯವಿಜ್ಞಾನದ ಹೆಮ್ಮೆಯ ಪುಟಗಳಲ್ಲೊಂದು, ಅದು ಕನ್ನಡ ಓದುಗರಿಗೆ ಇಷ್ಟು ತಡವಾಗಿ ತಲುಪುತ್ತಿರುವುದು ವಿಷಾದದ ಸಂಗತಿ.

ಇ3 ಕಿಣ್ವದ ನಂಟಿರುವ ಮೂರನೆಯ ಕಾಯಿಲೆ ಪಾರ್ಕಿನ್ಸನ್. ಎಳೆಯ ವಯಸ್ಸಿನಲ್ಲೇ ಬರುವ ಅದರ ಒಂದು ಆನುವಂಶಿಕ ರೂಪಕ್ಕೆ ಕಾರಣವಾದ ಪಾರ್ಕಿನ್ ಎಂಬ ವಂಶವಾಹಿಯನ್ನು 1998ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಅದೂ ಒಂದು ಇ3 ಕಿಣ್ವವೆಂದು ಎರಡು ವರ್ಷಗಳ ನಂತರ ತಿಳಿಯಿತು. ಈ ಕಾಯಿಲೆಯಲ್ಲಿ ಸಾಯುವುದು ಮೆದುಳಿನ ಬುಡದ ಕಪ್ಪುಪಟ್ಟಿಯಲ್ಲಿರುವ, ಮೆಲನಿನ್ ಬಣ್ಣ ಹೊತ್ತ ನರಕೋಶಗಳು. ಅದೇ 1998ರಲ್ಲಿ ನಿಮ್ಹಾನ್ಸಿನ ಉದಯ್ ಮುಥಾನೆ, ಟಿ. ಸಿ. ಯಶಾ ಮತ್ತು ಶಂಕರ್, ನರರೋಗವಿಲ್ಲದೆ ಸತ್ತ ಭಾರತೀಯರ ಮೆದುಳುಗಳಲ್ಲಿ ಈ ನರಕೋಶಗಳನ್ನು ಎಣಿಸಿ ಅನಿರೀಕ್ಷಿತವಾದ ಫಲಿತಾಂಶವನ್ನು ಪ್ರಕಟಿಸಿದರು. ಭಾರತೀಯರಲ್ಲಿ ಇವುಗಳ ಸಂಖ್ಯೆ ಬ್ರಿಟನ್ನಿನವರಿಗಿಂತ ಸುಮಾರು ಶೇ. 40ರಷ್ಟು ಕಡಿಮೆ, ಆದರೂ ವಯಸ್ಸಾದಂತೆ ಅವು ಕಡಿಮೆಯಾಗುತ್ತ ಹೋಗಲಿಲ್ಲ. ನರಕೋಶಗಳ ಸಂಖ್ಯೆಗಿಂತ ಅವುಗಳನ್ನು ಉಳಿಸಿಕೊಳ್ಳುವ ಸಾಮರ್ಥ್ಯ ಮುಖ್ಯವೆಂದು ಆ ಎಣಿಕೆ ಸೂಚಿಸುತ್ತದೆ, ಮುಂದೆ ಫಲ್ಗುಣಿ ಅಲ್ಲಾಡಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೆಲಸವೂ ಅದೇ ದಿಕ್ಕಿನಲ್ಲಿದೆ. ಇಂತಹ ಎಣಿಕೆ ಸಾಧ್ಯವಾದದ್ದು ದುಃಖದ ಗಳಿಗೆಯಲ್ಲಿಯೂ ತಮ್ಮವರ ಮೆದುಳನ್ನು ದಾನ ಮಾಡಲು ಒಪ್ಪಿದ ಕುಟುಂಬಗಳಿಂದ. ಆ ದಾನವನ್ನು ಕಾಪಾಡುವ ನಿಮ್ಹಾನ್ಸಿನ ಮೆದುಳು ಭಂಡಾರ 1995ರಿಂದ ನಡೆಯುತ್ತಿದೆ.

ವಂಶವಾಹಿಯ ಪಟ್ಟಿ ಕೈಯಲ್ಲಿದ್ದರೂ ಯಾವ ಅಂಗಾಂಶದಲ್ಲಿ ಯಾವ ಪ್ರೊಟೀನು ಎಷ್ಟಿದೆ ಎಂಬುದು ಅದರಿಂದ ತಿಳಿಯುವುದಿಲ್ಲ, ಏಕೆಂದರೆ ಪ್ರಮಾಣವನ್ನು ನಿಶ್ಚಯಿಸುವುದು ತಯಾರಿಕೆ ಮತ್ತು ಅಳಿವುಗಳೆರಡೂ. ಪ್ರೊಟೀನುಗಳನ್ನೇ ನೇರವಾಗಿ ಎಣಿಸಬೇಕು. ಬೆಂಗಳೂರಿನಲ್ಲಿ 2002ರಲ್ಲಿ ಆರಂಭವಾದ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ, ಅಖಿಲೇಶ್ ಪಾಂಡೆ ಅವರ ನೇತೃತ್ವದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೊಂದಿಗೆ ಸೇರಿ 2014ರಲ್ಲಿ ಮಾನವ ಪ್ರೊಟೀನುಗಳ ಮೊದಲ ಕರಡು ನಕಾಶೆಗಳಲ್ಲೊಂದನ್ನು ಪ್ರಕಟಿಸಿತು. 30 ಬಗೆಯ ಅಂಗಾಂಶ ಮತ್ತು ಕೋಶಗಳಿಂದ 17,294 ವಂಶವಾಹಿಗಳ ಪ್ರೊಟೀನುಗಳನ್ನು ಗುರುತಿಸಿದ ಆ ಕೆಲಸದಲ್ಲಿ ಭ್ರೂಣದ ಮೆದುಳೂ ವಯಸ್ಕರ ಮೆದುಳಿನ ಮುಂಭಾಗವೂ ಸೇರಿದ್ದವು. ಆ ತಂಡದಲ್ಲಿದ್ದ ಟಿ. ಎಸ್. ಕೇಶವ ಪ್ರಸಾದ್ ಈಗ ಮಂಗಳೂರಿನ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಪ್ರೊಟೀನು ಸಂಶೋಧನೆಯ ಕೇಂದ್ರವನ್ನು ಕಟ್ಟಿದ್ದಾರೆ. ಕರಾವಳಿಯ ವಿದ್ಯಾರ್ಥಿಗಳು ಈ ವಿದ್ಯೆಗಾಗಿ ಘಟ್ಟ ಹತ್ತಲೇಬೇಕಾದ ಕಾಲ ಮುಗಿದಿದೆ.

ಮತ್ತೆ ಕಾಯಿಲೆಗಳ ಕಡೆಗೆ ಬಂದರೆ, ಲಫೋರಾ ಮತ್ತು ಪಾರ್ಕಿನ್ ದೋಷಗಳೆರಡೂ ಅಪ್ರಬಲ ರೀತಿಯವು, ಅಂದರೆ ತಂದೆ ಮತ್ತು ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಇಬ್ಬರೂ ಆರೋಗ್ಯವಂತ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ಆ ಸಾಧ್ಯತೆ ನಾಲ್ಕರಲ್ಲೊಂದು. ರಕ್ತಸಂಬಂಧದ ಮದುವೆಯಲ್ಲಿ ಇಬ್ಬರೂ ಒಂದೇ ಪೂರ್ವಜರಿಂದ ಒಂದೇ ದೋಷವನ್ನು ಪಡೆದಿರುವ ಸಂಭವ ಹೆಚ್ಚು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಬ್ರಿಟನ್ನಿನ ಅಲನ್ ಬಿಟಲ್ಸ್ 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಪಾಲು ಮದುವೆಗಳು ಸಂಬಂಧದೊಳಗಿನವಾಗಿದ್ದವು, ಅದರಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿಯೇ ಹೆಚ್ಚು. ತುಳುನಾಡಿನ ಅಳಿಯಸಂತಾನ ಸಮುದಾಯಗಳಲ್ಲಿ, ಬೆಂಗ್ರೆಯ ಮೊಗವೀರರೂ ಅವರಲ್ಲಿ ಸೇರಿದ್ದಾರೆ, ಅಕ್ಕನ ಮಗಳು ಮಾವನ ‘ಬಳಿ’ಗೇ, ಅಂದರೆ ತಾಯಿಯ ಕಡೆಯಿಂದ ಬರುವ ಕುಲಕ್ಕೇ, ಸೇರಿದವಳಾದ್ದರಿಂದ ಆ ಮದುವೆಗೆ ನಿಷೇಧವಿದೆ. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಂದಿಗಿನ ಮದುವೆಗೆ ಅಡ್ಡಿಯಿಲ್ಲ. ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟುವ ಮಗುವಿನಲ್ಲಿ ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಂದೇ ಪೂರ್ವಜ ಮೂಲದಿಂದ ಬಂದಿರುವ ಸಂಭವ ಎಂಟರಲ್ಲೊಂದು, ಸೋದರಿಕೆಯ ಮದುವೆಯಲ್ಲಿ ಹದಿನಾರರಲ್ಲೊಂದು. ಬಳಿಯ ಕಟ್ಟಳೆ ಅಪಾಯವನ್ನು ಅರ್ಧಕ್ಕಿಳಿಸಿದೆ, ಇಲ್ಲವಾಗಿಸಿಲ್ಲ.

ಇಂದು ಈ ಕಾಯಿಲೆಗಳನ್ನು ರಕ್ತದ ವಂಶವಾಹಿ ಪರೀಕ್ಷೆಯಿಂದಲೇ ಖಚಿತಪಡಿಸಬಹುದು. ಲಫೋರಾಗೆ ಬೇರುಸಹಿತ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲವಾದರೂ ರೋಗದ ಹೆಸರು ತಿಳಿಯುವುದರಿಂದ ಲಾಭವಿದೆ, ಏಕೆಂದರೆ ಫಿಟ್ಸಿಗೆ ಸಾಮಾನ್ಯವಾಗಿ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್‌ನಂತಹ ಮಾತ್ರೆಗಳು ಈ ಬಗೆಯ ಸೆಳೆತವನ್ನು ಹೆಚ್ಚಿಸಬಲ್ಲವು. ಹದಿಹರೆಯದ ಮಗುವಿಗೆ ಬೆಳಗ್ಗೆ ಎದ್ದಾಗ ಕೈ ಜಗ್ಗಿ ವಸ್ತುಗಳು ಬೀಳುತ್ತಿದ್ದರೆ, ಫಿಟ್ಸಿನ ಜೊತೆಗೆ ಓದು ಮತ್ತು ನೆನಪು ಹಿಂದೆ ಬೀಳುತ್ತಿದ್ದರೆ, ಅದನ್ನು ಸೋಂಕು ತಗಲಿತೆಂದೋ ದೋಷ ತಟ್ಟಿತೆಂದೋ ಮುಚ್ಚಿಡದೆ ನರರೋಗತಜ್ಞರಿಗೆ ತೋರಿಸಬೇಕು; ಬೆಂಗ್ರೆಯವರಿಗೆ ಫೆರಿಯಲ್ಲಿ ಬಂದರು ದಾಟಿದರೆ ವೆನ್ಲಾಕ್ ಆಸ್ಪತ್ರೆ ಇದೆ, ಅಲ್ಲಿಂದ ಮುಂದಿನ ದಾರಿ ಕೇಳಬಹುದು. ಒಂದು ಮಗುವಿಗೆ ಕಾಯಿಲೆ ಖಚಿತವಾದ ಮನೆಯಲ್ಲಿ ಮುಂದಿನ ಗರ್ಭಕ್ಕೆ ಮೊದಲು, ಸಂಬಂಧದೊಳಗೆ ಇನ್ನೊಂದು ಮದುವೆ ನಿಶ್ಚಯಿಸುವ ಮೊದಲು, ಆನುವಂಶಿಕ ಸಲಹೆಗಾರರನ್ನು ಕಾಣಲೇಬೇಕು.